ಊರಿನ ಚಿತ್ರಕ್ಕೆ ಊರಿನ ಪರದೆ



ದತ್ತಿ ಉಪನ್ಯಾಸ ಎಂದರೆ ವಚನ, ಜಾನಪದ, ಶಿಕ್ಷಣ, ಏಕೀಕರಣ ಇಂಥ ವಿಷಯಗಳು ನಮಗೆ ರೂಢಿ. ಸಿನಿಮಾವನ್ನು, ಅದರಲ್ಲೂ ಕೈಯಲ್ಲಿ ಕಾಸಿಲ್ಲದವರು ಮಾಡುವ ಸಿನಿಮಾವನ್ನು ಈ ವೇದಿಕೆಗೆ ತಂದಾಗ ಸಂಘಟಕರು ಸ್ವಲ್ಪ ಯೋಚಿಸಿದರು, ಆಮೇಲೆ ಒಪ್ಪಿದರು. ಅವರಿಗೆ ಮೊದಲು ಕೃತಜ್ಞತೆ ಹೇಳುತ್ತೇನೆ.

ಇವತ್ತು ನಾನು ಮೂರು ವಿಷಯಗಳನ್ನು ತೆಗೆದುಕೊಳ್ಳುತ್ತೇನೆ. ಚಿಕ್ಕ ಪ್ರಮಾಣದಲ್ಲಿ ಚಿತ್ರ ಮಾಡುವುದು, ಅದನ್ನು ಜನರಿಗೆ ತೋರಿಸುವುದು, ಆಮೇಲೆ ಹಂಚಿಕೊಳ್ಳುವುದು. ಮೂರಕ್ಕೂ ಸಮನಾದ ಹೊತ್ತು ಕೊಡುವುದಿಲ್ಲ. ಚಿತ್ರ ಮಾಡುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಹಂಚುವುದು ಬೆರಳ ತುದಿಯ ಕೆಲಸ. ನಡುವಿನದು, ಅಂದರೆ ಹತ್ತು ಜನ ಒಟ್ಟಿಗೆ ಕೂತು ನೋಡಿ ಮಾತಾಡುವುದು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಮ್ಮ ಈ ತಾಲ್ಲೂಕುಗಳಲ್ಲಿ ಕಳಚಿಬಿದ್ದ ಕೊಂಡಿ. ನನ್ನ ಮಾತಿನ ಹೆಚ್ಚಿನ ಪಾಲು ಅದರ ಮೇಲೆ.

ಮೊದಲು ಈ ನೆಲದ ಬಗ್ಗೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಭದ್ರಾ ನಾಲೆಯ ನೀರು ಕಂಡ ಭತ್ತದ ಗದ್ದೆ, ಸೂಳೆಕೆರೆಯ ಆಸುಪಾಸಿನ ಅಡಿಕೆ ತೋಟ ಒಂದು ಕಡೆ. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಎತ್ತಿ ತಂದು ಐವತ್ತೇಳು ಕೆರೆ ತುಂಬಿಸುವ ಯೋಜನೆಯ ಸುದ್ದಿಗೆ ವರ್ಷಗಟ್ಟಲೆ ಕಿವಿಗೊಟ್ಟ ಜಗಳೂರಿನ ಒಣನೆಲ ಇನ್ನೊಂದು ಕಡೆ. ಒಂದೇ ಜಿಲ್ಲೆಯೊಳಗೆ ಬದುಕೂ ಬೇರೆ, ಮಾತಿನ ರಾಗವೂ ಬೇರೆ. ಸುರಗೊಂಡನಕೊಪ್ಪದ ಸೇವಾಲಾಲರ ಜಾತ್ರೆಗೆ ಬಂದವರ ನಾಲಿಗೆಯ ಮೇಲೆ ಲಂಬಾಣಿ. ಇಷ್ಟೆಲ್ಲ ಕಥೆ ಇರುವ ನೆಲದಲ್ಲಿ ಸಿನಿಮಾ ಮಾತ್ರ ಯಾವಾಗಲೂ ಹೊರಗಿನಿಂದಲೇ ಬಂತು. ಟೂರಿಂಗ್ ಟಾಕೀಸಿನ ಟೆಂಟು ಊರ ಹೊರಗೆ ಬಿಡಾರ ಹೂಡುತ್ತಿತ್ತು. ಧ್ವನಿವರ್ಧಕದಲ್ಲಿ ‘ನಮೋ ವೆಂಕಟೇಶ’ ಕೇಳಿದರೆ ಆಟ ಶುರುವಾಗುತ್ತದೆಂದು ಗೊತ್ತಾಗಿ ಜನ ಓಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ರೀಲು ಬೆಂಗಳೂರಿನದು, ಕಥೆ ಮದರಾಸಿನದು, ನಾವು ಟಿಕೆಟ್ಟು ಕೊಂಡವರು. ಆ ಟೆಂಟನ್ನು ನೆನೆದು ನಿಟ್ಟುಸಿರು ಬಿಡುವ ಬರಹಗಳು ಕನ್ನಡದಲ್ಲಿ ಸಾಕಷ್ಟಿವೆ, ನಾನು ಅದಕ್ಕೆ ಇನ್ನೊಂದನ್ನು ಸೇರಿಸುವುದಿಲ್ಲ.

ಇನ್ನು ಚಿತ್ರ ಮಾಡುವ ಮಾತಿಗೆ ಬರುತ್ತೇನೆ.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಊರನ್ನು 2015ಕ್ಕೆ ಮೊದಲು ಈ ಸಭೆಯಲ್ಲಿ ಎಷ್ಟು ಜನ ಕೇಳಿದ್ದೆವು? ಆ ಊರಿನ ಈರೇಗೌಡರು ಬರೆದು, ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ ಆ ವರ್ಷ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆಯನ್ನು ಗೆದ್ದಿತು. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಸೆಂಚುರಿ ಗೌಡ, ಗಡ್ಡಪ್ಪ ಮನೆಮಾತಾದರು. ಅವರಾರೂ ನಟರಲ್ಲ, ಆ ಸೀಮೆಯ ಹಳ್ಳಿಗರು. ಪಾತ್ರಕ್ಕೆ ಜನರನ್ನು ಹುಡುಕಲು, ಅವರ ಮಾತು ನಡೆಯನ್ನು ಅರಿತು ಕಥೆಯನ್ನು ಹೊಂದಿಸಲು ಆ ತಂಡ ಕಳೆದ ಕಾಲ ದೊಡ್ಡದು. ಹಣದ ಕೊರತೆಯನ್ನು ಹೊತ್ತಿನಿಂದ ತುಂಬಿಕೊಳ್ಳುವ ಈ ವಿದ್ಯೆಯೇ ಚಿಕ್ಕ ಚಿತ್ರದ ಮೊದಲ ಬಂಡವಾಳ. ದೊಡ್ಡ ಚಿತ್ರದಲ್ಲಿ ಒಂದು ದಿನ ತಡವಾದರೆ ಲಕ್ಷಗಳು ಹೋಗುತ್ತವೆ. ಸ್ವಂತ ಊರಿನಲ್ಲಿ ಚಿತ್ರ ಮಾಡುವವನು ಮಳೆ ಬರುವ ತನಕ ಕಾಯಬಲ್ಲ, ಅಜ್ಜಿಗೆ ಮನಸ್ಸು ಬರುವ ತನಕವೂ ಕಾಯಬಲ್ಲ.

ಉತ್ತರ ಕನ್ನಡದ ನಟೇಶ್ ಹೆಗಡೆ 2021ರಲ್ಲಿ ‘ಪೆದ್ರೊ’ ಮಾಡಿದಾಗ ಮುಖ್ಯ ಪಾತ್ರಕ್ಕೆ ಹಾಕಿಕೊಂಡದ್ದು ತಮ್ಮ ತಂದೆಯನ್ನೇ. ಆ ಚಿತ್ರ ಕೊರಿಯಾದ ಬುಸಾನಿಗೆ ಹೋಯಿತು. ಅವರ ಮುಂದಿನ ಚಿತ್ರ ‘ವಾಘಾಚಿಪಾಣಿ’ ಅಮರೇಶ ನುಗಡೋಣಿಯವರ ಕಥೆಯನ್ನು ಆಧರಿಸಿದ್ದು. 2025ರಲ್ಲಿ ಬರ್ಲಿನ್ ಮುಟ್ಟಿತು. ಜೈಶಂಕರ್ ಆರ್ಯರ್ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಆ ಊರಿನವರನ್ನೇ ಸೇರಿಸಿಕೊಂಡು ‘ಶಿವಮ್ಮ’ ಮಾಡಿದರು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬಳು ಪೌಷ್ಟಿಕ ಪುಡಿ ಮಾರುವ ಸರಪಳಿ ವ್ಯಾಪಾರಕ್ಕೆ ಸಿಕ್ಕಿಕೊಳ್ಳುವ ಕಥೆ ಅದು. 2022ರಲ್ಲಿ ಬುಸಾನಿನ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆಯಿತು. ಈ ಸಭೆಯಲ್ಲಿರುವ ಬಿಸಿಯೂಟದ ತಾಯಂದಿರಿಗೆ ಆ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಚಿಕ್ಕದೊಂದನ್ನು ಹೇಳಬೇಕು. ಮೈಸೂರಿನ ಚಿದಾನಂದ ನಾಯ್ಕ ಓದಿದ್ದು ವೈದ್ಯಕೀಯ. ಆಮೇಲೆ ಪುಣೆಯ ಚಲನಚಿತ್ರ ಸಂಸ್ಥೆಯ ಒಂದು ವರ್ಷದ ಟೆಲಿವಿಷನ್ ಕೋರ್ಸಿಗೆ ಸೇರಿ, ವರ್ಷದ ಕೊನೆಯ ಪಾಠವಾಗಿ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ ಎಂಬ ಹದಿನಾರು ನಿಮಿಷದ ಚಿತ್ರ ಮಾಡಿದರು. ಚಿತ್ರೀಕರಣ ನಾಲ್ಕೇ ದಿನ. ಅಜ್ಜಿಯೊಬ್ಬಳು ಊರ ಹುಂಜವನ್ನು ಕದ್ದೊಯ್ದಳು, ಊರಿಗೆ ಬೆಳಗಾಗಲೇ ಇಲ್ಲ ಎಂಬ ನಮ್ಮ ಜನಪದ ಕಥೆಯ ಎಳೆ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ. ಆ ಕಥೆ ನಮ್ಮ ಜಿಲ್ಲೆಯ ಅಜ್ಜಿಯರಿಗೂ ಗೊತ್ತಿರುವಂಥದ್ದು. ಅದನ್ನು ಯಾರೂ ಇಲ್ಲಿಂದ ಕದ್ದೊಯ್ಯಲಿಲ್ಲ, ನಾವೇ ಕೇಳಿಸಿಕೊಳ್ಳುವುದನ್ನು ಬಿಟ್ಟೆವು.

ಹಣ ಎಲ್ಲಿಂದ ಎಂದು ಕೇಳುವಿರಿ. ಪವನ್ ಕುಮಾರ್ 2013ರಲ್ಲಿ ‘ಲೂಸಿಯಾ’ ಮಾಡಿದಾಗ ನಿರ್ಮಾಪಕರ ಬಾಗಿಲಿಗೆ ಅಲೆಯುವುದನ್ನು ಬಿಟ್ಟು, ನೋಡುವ ಜನರಿಂದಲೇ ಹಣ ಕೂಡಿಸಿದರು. 2023ರ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಓದುಗರೇ ಸೇರಿ ನಿರ್ಮಾಪಕರಾದರು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ ‘ಒಡೆಸ್ಸಾ’ ಗುಂಪು ಇದಕ್ಕೂ ಎಷ್ಟೋ ಮುಂಚೆ ಊರೂರು ತಿರುಗಿ, ಚಾಪ್ಲಿನ್ನನ ‘ದಿ ಕಿಡ್’ ತೋರಿಸಿ, ಜನ ಕೊಟ್ಟ ಚಂದಾ ಹಣದಲ್ಲಿ 1986ರ ‘ಅಮ್ಮ ಅರಿಯಾನ್’ ಮಾಡಿತು. ಇದನ್ನು ಹೊಸ ವಿಚಾರ ಎಂದು ಬೆಂಗಳೂರಿನವರು ಹೇಳಿಕೊಳ್ಳಲಿ. ತುಮ್‌ಕೋಸ್‌ನಂಥ ಅಡಿಕೆ ಸಹಕಾರ ಸಂಘ ಕಟ್ಟಿದ ಚನ್ನಗಿರಿಯವರಿಗೆ ಷೇರು ಕೂಡಿಸುವುದು ಹೇಗೆಂದು ಯಾರೂ ಕಲಿಸಬೇಕಾಗಿಲ್ಲ.

ಹಾಗೆ ನೋಡಿದರೆ ಚಿಕ್ಕ ಚಿತ್ರಕ್ಕೆ ಬೇಕಾದ ಏರ್ಪಾಡೆಲ್ಲ ನಮ್ಮ ಹಳ್ಳಿಯ ನಾಟಕದಲ್ಲಿ ಆಗಲೇ ಇದೆ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಆಂಜನೇಯನ ಗುಡಿಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ತಾಲೀಮು. ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಯೇ ದುಡ್ಡು ಹಾಕುತ್ತಾನೆ, ಸೀನರಿ ಬಾಡಿಗೆಗೆ ಬರುತ್ತದೆ, ಹ್ಯಾಂಡ್‌ಬಿಲ್ಲಿನಲ್ಲಿ ಊರ ಹಿರಿಯರೆಲ್ಲರ ಹೆಸರು ಅಚ್ಚಾಗುತ್ತದೆ. ಒಂದು ರಾತ್ರಿಯ ಆಟಕ್ಕೆ ಇಷ್ಟು ದುಡಿಯುವ ಜನ ನಾವು. ಅದರಲ್ಲಿ ಲಾಭ ಎಷ್ಟು ಬಂತೆಂದು ಯಾರೂ ಕೇಳುವುದಿಲ್ಲ. ಆಟ ಚೆನ್ನಾಗಾಯಿತೇ ಎಂದು ಕೇಳುತ್ತಾರೆ. ಚಿತ್ರ ಮಾಡುವ ಹುಡುಗರಿಗೆ ನಾನು ಮೊದಲು ಹೇಳುವುದು ಇದು: ಯಾವುದೋ ಸ್ಟುಡಿಯೋ ಕಡೆ ನೋಡುವುದಕ್ಕೆ ಮುಂಚೆ ಈ ಮೇಷ್ಟ್ರುಗಳ ಹತ್ತಿರ ಒಂದು ವಾರ ಕೂತು ಬನ್ನಿ.

ತಂತ್ರದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಮೊಬೈಲು ಚಿತ್ರವನ್ನು ಚೆನ್ನಾಗಿ ಹಿಡಿಯುತ್ತದೆ, ಮಾತನ್ನು ಹಿಡಿಯುವುದಿಲ್ಲ. ಹೊಸಬರ ಕಿರುಚಿತ್ರಗಳು ಬಹುಪಾಲು ಕೆಡುವುದು ಅಲ್ಲೇ. ಗಾಳಿ, ಪಂಪ್‌ಸೆಟ್ಟು, ದೂರದ ಟ್ರ್ಯಾಕ್ಟರು ಎಲ್ಲವೂ ಸಂಭಾಷಣೆಯ ಮೇಲೆ ಬಂದು ಕೂರುತ್ತವೆ. ಡ್ರೋನಿಗೆ ಬಾಡಿಗೆ ಕೊಡುವ ಬದಲು ಅಂಗಿಗೆ ಸಿಕ್ಕಿಸುವ ಒಂದು ಮೈಕು ಕೊಳ್ಳಿ. ಆಕಾಶದಿಂದ ನಮ್ಮ ತೋಟ ಹೇಗೆ ಕಾಣುತ್ತದೆಂದು ಈಗ ಎಲ್ಲರಿಗೂ ಗೊತ್ತಾಗಿದೆ. ತೋಟದಲ್ಲಿ ಅಡಿಕೆ ಸುಲಿಯುವ ಹೆಂಗಸರು ಏನು ಮಾತಾಡಿಕೊಳ್ಳುತ್ತಾರೆಂದು ಯಾರೂ ಕೇಳಿಸಿಲ್ಲ.

ಈಗ ಎರಡನೆಯ ವಿಷಯ, ತೋರಿಸುವುದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಮಗೆ ದೊರೆಯುವ ದೊಡ್ಡ ಉದಾಹರಣೆ ದೂರದಲ್ಲೇನೂ ಇಲ್ಲ. ನ್ಯಾಮತಿಯಿಂದ ಶಿವಮೊಗ್ಗ ದಾಟಿ ಸಾಗರದ ಕಡೆ ಹೋದರೆ ಹೆಗ್ಗೋಡು. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ ನಾಟಕಕ್ಕೆ ಹೆಸರಾದದ್ದು. ಆದರೆ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲಿ ಒಂದು ಚಿತ್ರಸಮಾಜವನ್ನೂ ಕಟ್ಟಿದರು. ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದ್ದು 1947ರಲ್ಲಿ, ಬೆಂಗಳೂರಿನಲ್ಲಿ ಸುಚಿತ್ರಾ ಆದದ್ದು 1971ರಲ್ಲಿ. ಅವೆಲ್ಲ ನಗರದ, ಇಂಗ್ಲಿಷ್ ಬಲ್ಲವರ ಕೂಟಗಳು. ಸುಬ್ಬಣ್ಣ ಅದನ್ನು ಅಡಿಕೆ ಬೆಳೆಯುವ ಹಳ್ಳಿಗೆ ತಂದರು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮಾನ್’ ಇಂಥವನ್ನು ಶಿವರಾಮ ಕಾರಂತ ರಂಗಮಂದಿರದಲ್ಲಿ, ಕನ್ನಡದಲ್ಲಿ ವಿವರಣೆ ಕೊಟ್ಟು, ತೋಟದ ಕೆಲಸ ಮುಗಿಸಿ ಬಂದ ಜನಕ್ಕೆ ತೋರಿಸಿದರು. ಜಪಾನಿನ, ಇಟಲಿಯ ಚಿತ್ರ ಹಳ್ಳಿಯವರಿಗೆ ಹಿಡಿಸೀತೇ ಎಂದು ಅನುಮಾನಪಟ್ಟವರು ಇದ್ದರು. ಸೈಕಲ್ಲು ಕಳೆದುಕೊಂಡ ಕೂಲಿಯವನ ಸಂಕಟ ಅರ್ಥವಾಗಲು ಇಟಲಿಯ ಭಾಷೆ ಬೇಡ ಎಂಬುದನ್ನು ಹೆಗ್ಗೋಡಿನ ಪ್ರೇಕ್ಷಕರು ತೋರಿಸಿಕೊಟ್ಟರು.

1979ರಲ್ಲಿ ಪುಣೆಯ ಸತೀಶ್ ಬಹಾದೂರ್ ಹೆಗ್ಗೋಡಿಗೆ ಬಂದು ಚಿತ್ರ ನೋಡುವುದನ್ನು ಕಲಿಸುವ ಶಿಬಿರ ನಡೆಸಿದರು. ಚಿತ್ರವನ್ನು ಎಲ್ಲಿ ಕತ್ತರಿಸಿದರು, ಕ್ಯಾಮೆರಾ ಯಾಕೆ ಅಲ್ಲಿ ನಿಂತಿತು, ಶಬ್ದ ಯಾಕೆ ಮೊದಲೇ ಬಂತು ಎಂದು ತುಣುಕು ತುಣುಕಾಗಿ ಬಿಡಿಸಿ ಹೇಳುವ ಮೇಷ್ಟ್ರು ಅವರು. ಆ ಶಿಬಿರಗಳು ವರ್ಷ ವರ್ಷ ನಡೆದವು. ಶಾಲಾ ಮಾಸ್ತರರು, ಬ್ಯಾಂಕಿನವರು, ಕೃಷಿಕರು ಅಲ್ಲಿ ಕೂತು ಕಲಿತರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅದರ ಹಿಂದೆ ಈ ಕೆಲಸದ ಪಾಲೂ ಇತ್ತು.

ಇಷ್ಟು ಹೊಗಳಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. ಹೆಗ್ಗೋಡಿನಲ್ಲಿ ನಾಟಕ ನೋಡುವವರಿಂದ ನಾಟಕ ಮಾಡುವವರು ಹುಟ್ಟಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ನಾಟಕ ತಂಡ ‘ತಿರುಗಾಟ’ ಬಂತು. ಸಿನಿಮಾದಲ್ಲಿ ಹಾಗಾಗಲಿಲ್ಲ, ಅದು ನೋಡುವುದರಲ್ಲೇ ನಿಂತಿತು. ಅದಕ್ಕೆ ಸುಬ್ಬಣ್ಣನವರನ್ನು ದೂರುವಂತಿಲ್ಲ. ಆಗ ಕ್ಯಾಮೆರಾ, ಫಿಲಂ, ಲ್ಯಾಬು ಯಾವುದೂ ಹಳ್ಳಿಯ ಸಂಘಕ್ಕೆ ಎಟುಕುತ್ತಿರಲಿಲ್ಲ. ನಾಟಕಕ್ಕೆ ಮೈ, ಮಾತು ಸಾಕಿತ್ತು. ಇವತ್ತು ಪರಿಸ್ಥಿತಿ ತಿರುಗುಮುರುಗಾಗಿದೆ. ಕ್ಯಾಮೆರಾ ಪ್ರತಿ ಜೇಬಿನಲ್ಲಿದೆ. ಒಟ್ಟಿಗೆ ಕೂತು ನೋಡುವ ಜಾಗವೇ ಕಾಣೆಯಾಗಿದೆ. ಹೆಗ್ಗೋಡು ಬಿಟ್ಟ ಅರ್ಧವನ್ನು ನಾವು ಪಡೆದಿದ್ದೇವೆ, ಅದು ಸಾಧಿಸಿದ ಅರ್ಧವನ್ನು ಕಳೆದುಕೊಂಡಿದ್ದೇವೆ.

ಒಬ್ಬನೇ ಮೊಬೈಲಿನಲ್ಲಿ ನೋಡಿದರೆ ಏನು ನಷ್ಟ ಎಂದು ವಿದ್ಯಾರ್ಥಿಗಳು ಕೇಳಬಹುದು. ನೋಡುವವನಿಗೆ ಅಷ್ಟೇನೂ ನಷ್ಟವಿಲ್ಲ. ನಷ್ಟವಾಗುವುದು ಚಿತ್ರ ಮಾಡಿದವನಿಗೆ. ಸಭೆಯಲ್ಲಿ ತನ್ನ ಚಿತ್ರ ಓಡುವಾಗ ಹಿಂದಿನ ಸಾಲಿನಲ್ಲಿ ನಿಂತವನಿಗೆ ಎಲ್ಲವೂ ಗೊತ್ತಾಗುತ್ತದೆ. ತಾನು ನಗಿಸಬೇಕೆಂದ ಕಡೆ ಜನ ಸುಮ್ಮನಿದ್ದಾರೆ, ತಾನು ಲೆಕ್ಕಕ್ಕೇ ಇಟ್ಟುಕೊಳ್ಳದ ಕಡೆ ಒಬ್ಬ ಮುದುಕಿ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಾಳೆ, ನಡುವೆ ಐದು ನಿಮಿಷ ಎಲ್ಲರೂ ಕುರ್ಚಿಯಲ್ಲಿ ಹೊರಳಾಡುತ್ತಿದ್ದಾರೆ. ಆ ಐದು ನಿಮಿಷವನ್ನು ಅವನು ಮನೆಗೆ ಹೋಗಿ ಕತ್ತರಿಸುತ್ತಾನೆ. ಎಷ್ಟು ಜನ ನೋಡಿದರೆಂಬ ಯೂಟ್ಯೂಬಿನ ಅಂಕಿ ಇದನ್ನು ಕಲಿಸುವುದಿಲ್ಲ. ಅದು ಸಂಖ್ಯೆ ಕೊಡುತ್ತದೆ, ಮುಖ ಕೊಡುವುದಿಲ್ಲ.

ಊರಿನ ಚಿತ್ರವನ್ನು ಊರೇ ಒಟ್ಟಿಗೆ ಕೂತು ನೋಡಬಲ್ಲದು ಎಂಬುದಕ್ಕೆ ಮಹಾರಾಷ್ಟ್ರದ ಮಾಲೆಗಾಂವ್ ಸಾಕ್ಷಿ. ವಿದ್ಯುತ್ ಮಗ್ಗಗಳ ಆ ಊರಿನಲ್ಲಿ ಶೇಖ್ ನಾಸಿರ್ ಎಂಬವರು ಗೆಳೆಯರನ್ನು ಕೂಡಿಸಿಕೊಂಡು ‘ಶೋಲೆ’ಯ ಅಣಕನ್ನು ತಮ್ಮ ಊರಿನ ಮಾತಿನಲ್ಲಿ ಮಾಡಿ, ಊರಿನ ವಿಡಿಯೊ ಪಾರ್ಲರಿನಲ್ಲೇ ತೋರಿಸಿದರು. ಫೈಜಾ ಅಹ್ಮದ್ ಖಾನ್ 2008ರಲ್ಲಿ ಅವರ ಮೇಲೆ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಎಂಬ ಸಾಕ್ಷ್ಯಚಿತ್ರ ಮಾಡಿದ ಮೇಲೆ ಲೋಕಕ್ಕೆಲ್ಲ ಆ ಊರು ಗೊತ್ತಾಯಿತು. ಮೊದಲ ಪ್ರೇಕ್ಷಕರು ಮಾತ್ರ ಅಲ್ಲಿಯ ಮಗ್ಗದ ಕೆಲಸಗಾರರು. ವಾರದ ರಜೆಯ ದಿನ ಬಂದು ಕೂತು ನಕ್ಕವರು ಅವರು.

ಜಾಗ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸುಲಭ. ತಾಲ್ಲೂಕು ಕೇಂದ್ರದಲ್ಲಿ ಸಭಾಭವನಗಳಿವೆ, ಸಮುದಾಯ ಭವನಗಳು ಮದುವೆ ಇಲ್ಲದ ದಿನ ಖಾಲಿ ಬಿದ್ದಿರುತ್ತವೆ. ಎಷ್ಟೋ ಕಾಲೇಜುಗಳ ಸ್ಮಾರ್ಟ್ ತರಗತಿಯಲ್ಲಿ ಪ್ರೊಜೆಕ್ಟರು ಇದೆ, ಸಂಜೆ ನಾಲ್ಕೂವರೆಗೆ ಅದಕ್ಕೆ ಬೀಗ. ನಮ್ಮ ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಮಠವನ್ನು ನೋಡಿ. ಪಂಡಿತಾರಾಧ್ಯ ಸ್ವಾಮಿಗಳು 1997ರಿಂದ ‘ಶಿವಸಂಚಾರ’ ತಂಡವನ್ನು ಪ್ರತಿ ವರ್ಷ ಮೂರು ನಾಟಕಗಳೊಂದಿಗೆ ನಾಡಿನ ಉದ್ದಗಲಕ್ಕೂ ಕಳಿಸುತ್ತ ಬಂದಿದ್ದಾರೆ. ಊಟ, ವಸತಿ, ರಂಗಸಜ್ಜಿಕೆ, ಲಾರಿ ಎಲ್ಲ ಹೊಂದಿಸಿಕೊಂಡು ನಾಟಕ ಊರೂರು ತಿರುಗಬಹುದಾದರೆ, ಒಂದು ಪೆನ್‌ಡ್ರೈವು ತಿರುಗುವುದಕ್ಕೆ ಏನಡ್ಡಿ? ಜಗಳೂರಿನಲ್ಲಿ ಮಾಡಿದ ಚಿತ್ರ ಚನ್ನಗಿರಿಯಲ್ಲಿ, ನ್ಯಾಮತಿಯ ತಾಂಡಾದಲ್ಲಿ ಮಾಡಿದ್ದು ಹೊನ್ನಾಳಿಯಲ್ಲಿ ಓಡಬೇಕು. ನೀರಿಲ್ಲದ ಕೆರೆಯ ಅಂಗಳದಲ್ಲಿ ತೆಗೆದ ಚಿತ್ರವನ್ನು ನಾಲೆಯ ದಂಡೆಯವರು ನೋಡಬೇಕು. ಒಂದೇ ಜಿಲ್ಲೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣುವುದಿಲ್ಲ.

ಕಾನೂನಿನ ಮಾತನ್ನು ಬಿಡುವಂತಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕು. ಅದನ್ನು ಕೊಡುವ ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಬೇರೆಯವರ ಚಿತ್ರ ತೋರಿಸುವಾಗ ಅವರ ಒಪ್ಪಿಗೆಯೂ ಬೇಕು. ಯುವಕರು ಇದನ್ನು ಅಲಕ್ಷಿಸುತ್ತಾರೆ, ಹಿರಿಯರು ಇದಕ್ಕೆ ಹೆದರಿ ಏನನ್ನೂ ಮಾಡುವುದಿಲ್ಲ. ನಿರ್ದೇಶಕರಿಗೆ ಒಂದು ಪತ್ರ ಬರೆಯಿರಿ. ಚಿಕ್ಕ ಚಿತ್ರದವರಿಗೆ ತಮ್ಮ ಚಿತ್ರವನ್ನು ಕೇಳಿದವರು ಸಿಕ್ಕರೆ ಸಂತೋಷವೇ ಆಗುತ್ತದೆ.

ಮೂರನೆಯದು ಹಂಚಿಕೊಳ್ಳುವುದು. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದರಲ್ಲಿ ನಿಮ್ಮ ಮಕ್ಕಳು ನನಗಿಂತ ಪಳಗಿದವರು.

ಎರಡು ಪ್ರಯೋಗಗಳನ್ನು ಮಾತ್ರ ನೆನೆಯುತ್ತೇನೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ‘ಡಿಜಿಟಲ್ ಗ್ರೀನ್’ ಎಂಬ ಕೆಲಸ ಶುರುವಾಯಿತು. ರೈತರಿಂದಲೇ ಬೇಸಾಯದ ಚಿಕ್ಕ ವಿಡಿಯೊ ಮಾಡಿಸಿ, ಅದನ್ನು ಹಳ್ಳಿಯಲ್ಲಿ ಸಂಜೆ ಹೊತ್ತು ಗುಂಪಿಗೆ ತೋರಿಸುವುದು. ಮೊದಲ ಪ್ರಯೋಗ ನಡೆದದ್ದು ಕರ್ನಾಟಕದ ಹಳ್ಳಿಗಳಲ್ಲೇ. ನೋಡಿದ ರೈತರು ಮೊದಲು ಕೇಳುತ್ತಿದ್ದದ್ದು ಪರದೆಯ ಮೇಲಿನವನ ಹೆಸರೇನು, ಯಾವ ಊರಿನವನು ಎಂದು. ತಮ್ಮಂಥವನು, ಪಕ್ಕದ ಊರಿನವನು ಎಂದು ಗೊತ್ತಾದರೆ ಅವನ ಮಾತಿಗೆ ಬೆಲೆ. ಎರಡನೆಯದು ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಬಳಿಯ ಪಸ್ತಾಪುರ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು ಕ್ಯಾಮೆರಾ ಹಿಡಿಯುವುದನ್ನು ಕಲಿತು, ಬಿಟಿ ಹತ್ತಿಯ ಬೆಳೆಗಾರರ ಪಾಡನ್ನು ತಾವೇ ಚಿತ್ರೀಕರಿಸಿದರು. ಆ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ ಪಿ. ವಿ. ಸತೀಶ್ ಮೊದಲು ದೂರದರ್ಶನದಲ್ಲಿದ್ದವರು. ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬುದರಿಂದ ಬೆಳೆಯ ಕಥೆಯೇ ಬದಲಾಗುತ್ತದೆ ಎಂಬುದಕ್ಕೆ ಆ ಚಿತ್ರಗಳು ಪುರಾವೆ.

ಹಂಚುವವರಿಗೆ ಎಚ್ಚರಿಕೆ ಎರಡೇ. ನಿಮ್ಮ ಚಿತ್ರದಲ್ಲಿ ಕಾಣಿಸಿಕೊಂಡವರನ್ನು ಮೊದಲು ಕೂರಿಸಿ ತೋರಿಸಿ, ಆಮೇಲೆ ಜಗತ್ತಿಗೆ ಬಿಡಿ. ಊರಿನ ಸಾಲ, ಜಗಳ, ಕಾಯಿಲೆಗಳನ್ನು ಕಲೆಯ ಹೆಸರಿನಲ್ಲಿ ಊರಿಗೇ ತಿಳಿಯದಂತೆ ಹರಾಜಿಗಿಡಬಾರದು. ಇನ್ನೊಂದು, ಸಿನಿಮಾ ಹಾಡನ್ನು ಕದ್ದು ಹಿನ್ನೆಲೆಗೆ ಹಾಕಬೇಡಿ. ಹಕ್ಕಿನವರು ತಡೆಯುತ್ತಾರೆ ಎಂಬುದು ಒಂದು ಕಾರಣ. ನಿಮ್ಮೂರಿನ ಭಜನೆ ತಂಡ, ಸೋಬಾನೆಯ ಹೆಂಗಸರು, ತಾಂಡಾದ ಹಾಡುಗಾರ್ತಿಯರು ಇದ್ದಾರೆ ಎಂಬುದು ಇನ್ನೂ ದೊಡ್ಡ ಕಾರಣ. ಅವರನ್ನು ಕೇಳಿ, ಸಂಭಾವನೆ ಕೊಡಿ, ಹೆಸರು ಹಾಕಿ.

ಕೊನೆಗೆ ಈ ಸಭೆಯ ಮುಂದೆ ಒಂದು ಬೇಡಿಕೆ ಇಡುತ್ತೇನೆ. ದತ್ತಿ ಎಂಬ ಏರ್ಪಾಡು ನಮ್ಮ ಸಾಹಿತ್ಯ ಸಂಸ್ಥೆಗಳು ಕಂಡುಕೊಂಡ ಬಹಳ ಚೆನ್ನಾದ ಉಪಾಯ. ಒಂದು ಕುಟುಂಬ ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ಸ್ವಲ್ಪ ಹಣ ಠೇವಣಿ ಇಡುತ್ತದೆ. ಅಸಲು ಮುಟ್ಟುವುದಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಸರ್ಕಾರ ಬದಲಾದರೂ ನಿಲ್ಲುವುದಿಲ್ಲ, ಅನುದಾನಕ್ಕೆ ಕಾಯುವುದಿಲ್ಲ. ವರ್ಷಕ್ಕೊಂದು ಚಿತ್ರಪ್ರದರ್ಶನಕ್ಕೆ ತಗಲುವುದು ಉಪನ್ಯಾಸಕ್ಕಿಂತ ಹೆಚ್ಚೇನಲ್ಲ: ನಿರ್ದೇಶಕರ ಬಸ್ಸು ಖರ್ಚು, ಒಂದು ಗೌರವಧನ, ಪರದೆ, ಟೀ. ಈ ನಾಲ್ಕು ತಾಲ್ಲೂಕುಗಳಲ್ಲಿ ತಲಾ ಒಂದು ಕುಟುಂಬ ತಮ್ಮ ಹಿರಿಯರ ಹೆಸರಿನಲ್ಲಿ ಚಿತ್ರಪ್ರದರ್ಶನಕ್ಕೆಂದು ದತ್ತಿ ಇಟ್ಟರೆ ವರ್ಷಕ್ಕೆ ನಾಲ್ಕು ಪ್ರದರ್ಶನ ಆಯಿತು. ಮೊದಲರ್ಧ ಹೊರಗಿನ ಒಂದು ಒಳ್ಳೆಯ ಚಿತ್ರ, ಉಳಿದರ್ಧ ಈ ತಾಲ್ಲೂಕುಗಳ ಹುಡುಗ ಹುಡುಗಿಯರು ಮಾಡಿದ ಕಿರುಚಿತ್ರಗಳು, ಆಮೇಲೆ ಮಾತು. ಕಾಲೇಜಿನವರು ಪ್ರೊಜೆಕ್ಟರಿನ ಬೀಗ ತೆಗೆಯಲಿ, ದಾನಿಗಳು ಮುಂದೆ ಬರಲಿ. ಇಲ್ಲಿರುವ ವಿದ್ಯಾರ್ಥಿಗಳು ಪರೀಕ್ಷೆ ಮುಗಿದ ಮೇಲೆ ಹತ್ತು ನಿಮಿಷದ ಒಂದೊಂದು ಚಿತ್ರ ಮಾಡಿಕೊಂಡು ಬರಲಿ. ಮೊದಲ ಪ್ರದರ್ಶನದ ದಿನ ಗೊತ್ತುಮಾಡಿ ನನಗೂ ಒಂದು ಕಾಗದ ಹಾಕಿ, ನೋಡಲು ಬರುತ್ತೇನೆ.